ಎವಂಟನ್ ಹಳ್ಳಿಯ ಸುತ್ತಮುತ್ತ

ಸ್ಕಾಟ್ಲೆಂಡಿಗೆ ಹೋಗಿಬಂದವರನ್ನು ಕೇಳಿ ನೋಡಿ. ಎಡಿನ್‌ಬರೋ ಕೋಟೆ, ನೆಸ್ ಸರೋವರ, ಬಿಡದೆ ಸುರಿಯುವ ಮಳೆ, ಇಷ್ಟರಲ್ಲಿ ವೃತ್ತಾಂತ ಮುಗಿಯುತ್ತದೆ. ಓದಿಗೆಂದೋ ಉದ್ಯೋಗಕ್ಕೆಂದೋ ಮಕ್ಕಳು ಆ ದೇಶದಲ್ಲಿ ನೆಲೆಸಿರುವ ಮನೆಗಳು ಈಗ ನಮ್ಮ ಪಟ್ಟಣಗಳಲ್ಲಿ ಕಡಮೆಯೇನಲ್ಲ. ಅವರನ್ನು ನೋಡಿಬರಲು ನೀವು ಹೊರಟಿದ್ದರೆ, ಒಂದು ದಿನದ ಬಿಡುವೂ ಇದ್ದರೆ, ನೋಡತಕ್ಕ ಇನ್ನೊಂದು ಸ್ಥಳವಿದೆ. ಅದರ ಹೆಸರು ಎವಂಟನ್.

ಸ್ಕಾಟ್ಲೆಂಡಿನ ಉತ್ತರ ಭಾಗದಲ್ಲಿ ಇನ್‌ವರ್ನೆಸ್ ಎಂಬ ಪಟ್ಟಣವಿದೆ. ಅಲ್ಲಿಂದ ಉತ್ತರಕ್ಕೆ ಬಸ್ಸಿನಲ್ಲಿ ಹೊರಟರೆ ಒಂದು ಗಂಟೆಯೊಳಗೆ ಕ್ರೊಮಾರ್ಟಿ ಎಂಬ ಕೊಲ್ಲಿಯ ದಡದಲ್ಲಿ ಈ ಹಳ್ಳಿ ಸಿಗುತ್ತದೆ. ಊರಿನಲ್ಲಿ ಈಗ ರೈಲು ನಿಲ್ಲುವುದಿಲ್ಲ. ಪಕ್ಕದ ಆಲ್ನೆಸ್‌ನಲ್ಲಿ ನಿಲ್ಲುತ್ತದೆ. ಎರಡು ಹೊಳೆಗಳ ನಡುವೆ ನೇರ ಬೀದಿಗಳ ಪುಟ್ಟ ಊರು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಲ್ಲಿಯ ಜಮೀನುದಾರನೊಬ್ಬನು ನಕ್ಷೆ ಹಾಕಿಸಿ ಇದನ್ನು ಕಟ್ಟಿಸಿ, ತನ್ನ ಮಗ ಎವನ್ನನ ಹೆಸರಿಟ್ಟನು. ಊರಿಗೆ ಅಂಟಿಕೊಂಡಿರುವ ಕಾಡನ್ನು ೨೦೧೨ರಲ್ಲಿ ಊರವರೇ ಒಟ್ಟುಗೂಡಿ ಕೊಂಡುಕೊಂಡರು. ಈಗ ಅದು ಅವರೆಲ್ಲರ ಸ್ವತ್ತು. ಯಾರು ಬೇಕಾದರೂ ಅಡ್ಡಾಡಿ ಬರಬಹುದು.

ಆ ಕಡೆಯೇ ಹೊಳೆಯ ಜಾಡು ಹಿಡಿದು ಮೇಲಕ್ಕೆ ನಡೆದರೆ ‘ಬ್ಲ್ಯಾಕ್ ರಾಕ್’ ಎಂಬ ಕೊರಕಲು ಎದುರಾಗುತ್ತದೆ. ಎದುರಾಗುತ್ತದೆ ಎಂದದ್ದು ಸುಮ್ಮನಲ್ಲ. ಹತ್ತಿರ ಹೋಗುವವರೆಗೆ ಅದು ಕಾಣಿಸುವುದೇ ಇಲ್ಲ. ಹಿಮಯುಗ ಕಳೆದ ಮೇಲೆ ಹೊಳೆಯ ನೀರು ಕೆಂಪು ಮರಳುಗಲ್ಲನ್ನು ಗರಗಸದಂತೆ ಸೀಳುತ್ತ ಹೋಗಿದೆ. ಆಳ ಸುಮಾರು ೧೨೦ ಅಡಿ, ಅಗಲವೋ ಕೆಲವೆಡೆ ನಾಲ್ಕು ಹೆಜ್ಜೆ. ಕಾಲುಸೇತುವೆಯ ಮೇಲೆ ನಿಂತು ಬಗ್ಗಿ ನೋಡಿದರೆ ಪಾಚಿ, ಜರೀಗಿಡ, ಕತ್ತಲು, ಅದರ ತಳದಲ್ಲಿ ನೀರಿನ ಸದ್ದು ಮಾತ್ರ. ಅಂಚಿನಲ್ಲಿ ಎಲ್ಲ ಕಡೆಯೂ ತಡೆಗೋಡೆಯಿಲ್ಲ. ಚಿಕ್ಕ ಮಕ್ಕಳ ಕೈ ಬಿಡಬೇಡಿ.

ಇಂಥ ಜಾಗಕ್ಕೆ ಕಥೆ ಹುಟ್ಟದೆ ಇರುತ್ತದೆಯೇ? ಬಾಲ್ಕನಿ ಎಂಬ ಮನೆತನದ ಒಡತಿಯನ್ನು ಸೈತಾನನು ಈ ಕಂದಕದೊಳಕ್ಕೆ ಎಳೆದುಕೊಂಡು ಹೋದನಂತೆ. ಹೋಗುವಾಗ ಆಕೆ ಸೊಂಟದ ಬೀಗದಕೈ ಗೊಂಚಲನ್ನು ಕಿತ್ತು ದಡಕ್ಕೆ ಎಸೆದಳಂತೆ. ಇಂದಿಗೂ ತಳದ ಗವಿಯಲ್ಲಿ ಕುಳಿತು ರೊಟ್ಟಿ ಸುಡುತ್ತಿದ್ದಾಳಂತೆ. ಕೊರಕಲಿನಿಂದೇಳುವ ಮಂಜು ಆ ಒಲೆಯ ಹೊಗೆ! ಮನೆಯ ಬೀಗದಕೈಯನ್ನು ಮಾತ್ರ ಸೈತಾನನ ಪಾಲು ಮಾಡದ ಆ ಗೃಹಿಣಿಯ ಮನಸ್ಸು ನಮ್ಮ ತಾಯಂದಿರಿಗೆ ಅರ್ಥವಾಗದಿರದು.

ಕೊಲ್ಲಿಯ ದಡದಲ್ಲಿ ಕಿಲ್ಟರ್ನ್ ಎಂಬ ಹಳೆಯ ಇಗರ್ಜಿ ಪಾಳುಬಿದ್ದು ನಿಂತಿದೆ. ೧೬೯೨ರಲ್ಲಿ ತೀರಿಕೊಂಡ ತಾಮಸ್ ಹಾಗ್ ಎಂಬ ಪಾದ್ರಿ, ತನ್ನ ಸಮಾಧಿ ಇಗರ್ಜಿಯ ಹೊಸ್ತಿಲಲ್ಲೇ ಆಗಲಿ ಎಂದನಂತೆ. ಮುಂದೆ ಊರವರು ಅಯೋಗ್ಯನನ್ನು ಪಾದ್ರಿಯಾಗಿ ಒಳಗೆ ಕರೆತಂದರೆ ಈ ಕಲ್ಲೇ ಅವರ ವಿರುದ್ಧ ಸಾಕ್ಷಿ ನುಡಿಯುವುದು ಎಂಬ ಅರ್ಥದ ಬರಹ ಅದರ ಮೇಲಿದೆ. ಅಲ್ಲಿಂದ ನೀರಿನ ಕಡೆ ನೋಡಿದರೆ, ಸಮುದ್ರದಲ್ಲಿ ತೈಲ ತೋಡುವ ಉಕ್ಕಿನ ಅಟ್ಟಣೆಗಳು ಕೊಲ್ಲಿಯಲ್ಲಿ ಲಂಗರು ಹಾಕಿ ನಿಂತಿರುವುದನ್ನು ಕಾಣಬಹುದು.

ಇವೆಲ್ಲ ಸರಿಯೇ. ಆದರೆ ಮೈಸೂರು ಸೀಮೆಯವರು ಇಲ್ಲಿಗೆ ಬರಬೇಕೆನ್ನಲು ನಿಜವಾದ ಕಾರಣ ಊರಿನ ಹಿಂದಿರುವ ಫೈರಿಷ್ ಬೆಟ್ಟ. ಎತ್ತರ ಸುಮಾರು ೧,೫೦೦ ಅಡಿ. ಬೋತ್ ಎಂಬಲ್ಲಿಗೆ ಹೋಗುವ ರಸ್ತೆಯ ಪಕ್ಕದಿಂದ ಪೈನ್ ಮರಗಳ ನಡುವೆ ಕಾಲುದಾರಿಯಿದೆ. ಹೋಗಿ ಬರಲು ನಾಲ್ಕು ಮೈಲಿ. ತುದಿ ಮುಟ್ಟಿದರೆ ಬಯಲಿನಲ್ಲಿ ಒಂದು ಕಲ್ಲಿನ ಕಟ್ಟಡ. ನಡುವೆ ಮೂರು ಕಮಾನು, ಇಕ್ಕೆಲಗಳಲ್ಲಿ ಬಿಡಿ ಕಂಬಗಳು. ಮಾಡಿಲ್ಲ, ಗೋಡೆಯಿಲ್ಲ, ಒಳಗಿಲ್ಲ, ಹೊರಗಿಲ್ಲ. ಇದು ನಮ್ಮ ತೆಂಕಣ ನಾಗಪಟ್ಟಣದ ಕೋಟೆಬಾಗಿಲಿನ ಪ್ರತಿರೂಪ ಎಂದು ಹೇಳುತ್ತಾರೆ.

ಇದನ್ನು ೧೭೮೨ರ ಸುಮಾರಿಗೆ ಕಟ್ಟಿಸಿದವನು ಈ ಸೀಮೆಯ ಭೂಮಾಲಿಕ ಸರ್ ಹೆಕ್ಟರ್ ಮನ್ರೋ. ಮದರಾಸಿನ ಗವರ್ನರಾಗಿದ್ದ ತಾಮಸ್ ಮನ್ರೋ ಇವನಲ್ಲ, ಇವನು ಬೇರೆ. ೧೭೬೪ರಲ್ಲಿ ಬಕ್ಸಾರ್ ಕದನವನ್ನು ಗೆದ್ದ ದಳಪತಿ ಇವನೇ. ೧೭೮೧ರಲ್ಲಿ ಡಚ್ಚರಿಂದ ನಾಗಪಟ್ಟಣವನ್ನು ಕಿತ್ತುಕೊಂಡವನೂ ಇವನೇ. ಆ ಮುತ್ತಿಗೆಯಲ್ಲಿ ಡಚ್ಚರ ಪಕ್ಕದಲ್ಲಿ ಹೈದರಾಲಿಯ ದಂಡೂ ಕಾದಿತ್ತು. ಆದರೆ ಇವೆರಡರ ನಡುವೆ ೧೭೮೦ರ ಸೆಪ್ಟೆಂಬರ್ ೧೦ ಎಂಬ ದಿನವೊಂದಿದೆ. ಅದಕ್ಕೆ ಬೆಟ್ಟದ ಮೇಲೆ ಕಮಾನಿಲ್ಲ.

ಅದನ್ನು ನೋಡಲು ನೀವು ಶ್ರೀರಂಗಪಟ್ಟಣಕ್ಕೇ ಹೋಗಬೇಕು. ದರಿಯಾ ದೌಲತ್ತಿನ ಪಶ್ಚಿಮದ ಗೋಡೆಯ ಮೇಲೆ ಪೊಳ್ಳಿಲೂರಿನ ಯುದ್ಧದ ಚಿತ್ರವಿದೆಯಲ್ಲ, ಮದ್ದಿನ ಬಂಡಿ ಸಿಡಿದು ಬೆಂಕಿ ಹಾರುತ್ತಿರುವುದು, ಕರ್ನಲ್ ಬೈಲಿ ಗಾಯಗೊಂಡು ಪಲ್ಲಕ್ಕಿಯಲ್ಲಿ ಕುಳಿತಿರುವುದು, ಅದೇ ಆ ದಿನ. ಮನ್ರೋ ತನ್ನ ಸೈನ್ಯದೊಡನೆ ಕೆಲವೇ ಮೈಲಿ ದೂರದ ಕಂಚಿಯಲ್ಲಿದ್ದನು. ಬೈಲಿಯ ನೆರವಿಗೆ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಸೋಲಿನ ಸುದ್ದಿ ತಿಳಿದೊಡನೆ ತನ್ನ ದೊಡ್ಡ ಫಿರಂಗಿಗಳನ್ನು ಕಂಚಿಯ ದೇವಾಲಯದ ಪುಷ್ಕರಣಿಗೆ ತಳ್ಳಿ ಮದರಾಸಿಗೆ ಹಿಂದಿರುಗಿದನು. ಬೈಲಿ ಇನ್‌ವರ್ನೆಸ್ ಬಳಿಯ ಮನೆತನದವನು, ಮನ್ರೋಗೆ ನೆರೆಸೀಮೆಯವನು. ೧೭೮೨ರಲ್ಲಿ ಶ್ರೀರಂಗಪಟ್ಟಣದ ಸೆರೆಯಲ್ಲೇ ತೀರಿಕೊಂಡನು. ಗುಂಬಜಿನ ಹತ್ತಿರ ಅವನ ಸ್ಮಾರಕವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಅವನ ದಳದಲ್ಲಿ ಈ ಬೆಟ್ಟಸೀಮೆಯ ಸಿಪಾಯಿಗಳೂ ಇದ್ದರು.

ಹತ್ತು ವರ್ಷಗಳ ಬಳಿಕ, ೧೭೯೨ರ ಡಿಸೆಂಬರಿನಲ್ಲಿ, ಮನ್ರೋನ ಮಗನೊಬ್ಬನನ್ನು ಬಂಗಾಳದ ಸಾಗರ ದ್ವೀಪದಲ್ಲಿ ಹುಲಿ ಕೊಂದಿತು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿರುವ, ಬಿಳಿಯ ಸಿಪಾಯಿಯ ಮೇಲೆರಗಿದ ಟಿಪ್ಪುವಿನ ಮರದ ಹುಲಿ ಈ ಪ್ರಸಂಗದಿಂದ ಹುಟ್ಟಿತೆಂದು ಊಹಿಸಿದವರುಂಟು. ಒಪ್ಪದವರೂ ಉಂಟು.

ಇನ್ನು ಕಮಾನುಗಳ ಬಗ್ಗೆ ಸ್ಥಳದಲ್ಲಿ ಕೇಳಿಬರುವ ಮಾತೇನೆಂದರೆ, ಸುತ್ತಲ ಬಡವರಿಗೆ ಕೂಲಿ ಸಿಗಲೆಂದು ಮನ್ರೋ ಇದನ್ನು ಕಟ್ಟಿಸಿದನಂತೆ. ಕೆಲಸ ಬೇಗ ಮುಗಿಯದಿರಲೆಂದು ಮೇಲೆ ಸಾಗಿಸಿದ ಕಲ್ಲುಗಳನ್ನು ರಾತ್ರಿ ಕೆಳಗೆ ಉರುಳಿಸಿ, ಮರುದಿನ ಅವನ್ನೇ ಮತ್ತೆ ಹೊರಿಸಿ ಮತ್ತೆ ಕೂಲಿ ಕೊಡುತ್ತಿದ್ದನಂತೆ. ೧೭೮೨ರಲ್ಲಿ ಆ ಸೀಮೆಯ ಬೆಳೆ ಕೆಟ್ಟು ಬರಗಾಲ ಬಂದದ್ದು ನಿಜ. ಬರಗಾಲದ ಕಾಮಗಾರಿ ನಮಗೇನೂ ಹೊಸದಲ್ಲ. ಕಥೆಯಲ್ಲಿ ಸ್ವಲ್ಪ ಸತ್ಯವಿರಬಹುದು. ಆದರೆ ಕಥೆಯನ್ನು ಅಲ್ಲಿಗೇ ನಿಲ್ಲಿಸುವುದು ನ್ಯಾಯವಲ್ಲ.

ಕಮಾನಿನ ಮುಂದೆ ನಿಂತರೆ ಕೊಲ್ಲಿ, ಹೊಲ, ಹಳ್ಳಿ ಎಲ್ಲ ಚಿತ್ರದಂತೆ ಕಾಣುತ್ತದೆ, ಎಲ್ಲರೂ ಅತ್ತಲೇ ಮುಖ ಮಾಡಿ ನಿಲ್ಲುತ್ತಾರೆ. ನೀವು ಒಂದು ಗಳಿಗೆ ಹಿಂದಿರುಗಿ ಉತ್ತರಕ್ಕೆ ನೋಡಿ. ಅತ್ತ ಬೋತ್, ಅದರಾಚೆ ಸ್ಟ್ರಾತ್‌ರಸ್‌ಡೇಲ್ ಕಣಿವೆ. ಅಲ್ಲಿಯ ಒಕ್ಕಲುಗಳು ತಲೆತಲಾಂತರದಿಂದ ದನ ಮೇಯಿಸುತ್ತಿದ್ದ ಗೋಮಾಳವನ್ನು ಇದೇ ಮನ್ರೋ ಹೊರಗಿನಿಂದ ಬಂದ ಕ್ಯಾಮರನ್ ಸಹೋದರರಿಗೆ ಕುರಿ ಸಾಕಲು ಗುತ್ತಿಗೆಗೆ ಕೊಟ್ಟನು. ಕುರಿಯ ಉಣ್ಣೆಗೆ ಬೆಲೆ ಏರಿತ್ತು; ಒಕ್ಕಲು ಕೊಡುವ ಗೇಣಿಗಿಂತ ಕುರಿಗುತ್ತಿಗೆ ಹೆಚ್ಚು ತರುತ್ತಿತ್ತು. ಹಳೆಯ ಹುಲ್ಲುಗಾವಲಿಗೆ ಅಭ್ಯಾಸಬಲದಿಂದ ಹೋದ ದನಗಳನ್ನು ಗುತ್ತಿಗೆದಾರರು ದೊಡ್ಡಿಗೆ ಕೂಡಿದರು. ೧೭೯೨ರ ಬೇಸಿಗೆಯಲ್ಲಿ ಒಕ್ಕಲುಗಳು ದೊಡ್ಡಿಯಿಂದ ದನಗಳನ್ನು ಬಿಡಿಸಿಕೊಂಡು ಬಂದರು. ಅಷ್ಟಕ್ಕೇ ಸುಮ್ಮನಾಗದೆ, ಸುತ್ತಲ ಕಣಿವೆಗಳಿಂದ ಕುರಿಗಳನ್ನೆಲ್ಲ ಕೂಡಿಸಿ ದಕ್ಷಿಣಕ್ಕೆ ಅಟ್ಟತೊಡಗಿದರು. ಆರು ಸಾವಿರ ಕುರಿಗಳು! ಒಬ್ಬ ಮನುಷ್ಯನ ಜೀವಕ್ಕೂ ಅಪಾಯವಾಗಲಿಲ್ಲ. ಅಲ್ಲಿಯ ಗೇಲಿಕ್ ಭಾಷೆಯಲ್ಲಿ ಆ ವರ್ಷಕ್ಕೆ ‘ಕುರಿಗಳ ವರ್ಷ’ವೆಂದೇ ಹೆಸರಾಯಿತು.

ಸರ್ಕಾರ ಸೈನ್ಯವನ್ನು ಕರೆಸಿತು. ಅದು ರಾತ್ರಿಯಲ್ಲಿ ಬೋತ್ ತಲಪಿದಾಗ ಕುರಿಗಳು ಅಲ್ಲಿದ್ದವು, ಅಟ್ಟುತ್ತಿದ್ದವರು ಬಹುಮಟ್ಟಿಗೆ ಚದರಿಹೋಗಿದ್ದರು. ಸಿಕ್ಕಿದವರ ವಿಚಾರಣೆ ಇನ್‌ವರ್ನೆಸ್‌ನಲ್ಲಿ ನಡೆಯಿತು. ಇಬ್ಬರಿಗೆ ಸಮುದ್ರದಾಚೆಗೆ ಗಡೀಪಾರಾಗುವ ಶಿಕ್ಷೆ ಆಯಿತು. ಆದರೆ ಅವರು ಸೆರೆಮನೆಯಿಂದ ಹೇಗೋ ತಪ್ಪಿಸಿಕೊಂಡರು; ಮತ್ತೆ ಯಾರ ಕೈಗೂ ಸಿಗಲಿಲ್ಲ. ಕುರಿಗಳು ಮಾತ್ರ ಆ ಕಣಿವೆಗಳಿಗೆ ಹಿಂದಿರುಗಿದವು.