ನೀರಿನಲ್ಲಿ ಕರಗುವ ಗಾಜು

ಗಾಜು ಎಂದೊಡನೆ ಕಿಟಕಿಯ ಹಲಗೆ, ದೀಪದ ಬುರುಡೆ, ಪ್ರಯೋಗಶಾಲೆಯ ಬೀಕರು ಇವು ನಮ್ಮ ನೆನಪಿಗೆ ಬರುತ್ತವೆ. ಇವುಗಳಿಗೆಲ್ಲ ಮೂಲವಸ್ತು ಮರಳು, ಎಂದರೆ ಸಿಲಿಕಾ. ವರ್ಷಗಟ್ಟಲೆ ನೀರು ತುಂಬಿಟ್ಟರೂ ಬೀಕರು ಕರಗಿಹೋಗುವುದಿಲ್ಲ. ಆದರೆ ನೀರಿನಲ್ಲಿ ಉಪ್ಪಿನಂತೆ ಕರಗುವ ಗಾಜೂ ಉಂಟು. ಅದೇ ಫಾಸ್ಫೇಟ್ ಗಾಜು. ಇಂಥ ಗಾಜಿನಿಂದ ಏನು ಪ್ರಯೋಜನವೆಂದು ವಾಚಕರು ಕೇಳಬಹುದು. ನೀರಿಗೂ ಅದಕ್ಕೂ ಇರುವ ಸಂಬಂಧವನ್ನು ಹತೋಟಿಗೆ ತಂದುಕೊಳ್ಳುವುದರಲ್ಲಿಯೇ ಅದರ ಉಪಯೋಗವೆಲ್ಲ ಅಡಗಿದೆ. ಹೇಗೆಂಬುದನ್ನು ವಿಚಾರಿಸೋಣ.

ಹರಳಿನಲ್ಲಿ ಪರಮಾಣುಗಳು ಕವಾಯತಿಗೆ ನಿಂತ ಸಿಪಾಯಿಗಳಂತೆ ಸಾಲುಗೊಂಡಿರುತ್ತವೆ. ಕೆಲವು ದ್ರವಗಳನ್ನು ಥಟ್ಟನೆ ತಣಿಸಿದರೆ ಸಾಲುಗೂಡಲು ಸಮಯ ದೊರೆಯದೆ, ಪರಮಾಣುಗಳು ಜಾತ್ರೆಯ ಜನದಂತೆ ನಿಂತಲ್ಲಿಯೇ ನಿಲ್ಲುತ್ತವೆ. ಇಂಥ ಘನವೇ ಅಸ್ಫಟಿಕ ವಸ್ತು. ಗಾಜು ಈ ಜಾತಿಗೆ ಸೇರಿದುದು.

ಸಿಲಿಕಾ ಗಾಜಿನಲ್ಲಿ ಪ್ರತಿಯೊಂದು ಸಿಲಿಕಾನ್ ಪರಮಾಣುವೂ ತನ್ನ ಸುತ್ತಣ ನಾಲ್ಕು ಆಮ್ಲಜನಕಗಳ ಮೂಲಕ ನಾಲ್ಕು ನೆರೆಯವರ ಕೈಹಿಡಿದಿರುತ್ತದೆ. ರಂಜಕದ ಸುತ್ತಲೂ ನಾಲ್ಕು ಆಮ್ಲಜನಕಗಳೇ ಇವೆ. ಆದರೆ ಅವುಗಳಲ್ಲಿ ಒಂದು ರಂಜಕದೊಡನೆ ಇಮ್ಮಡಿ ಬಂಧದಲ್ಲಿ ಕೂಡಿಕೊಂಡು, ನೆರೆಯವರ ಗೊಡವೆಗೇ ಹೋಗುವುದಿಲ್ಲ. ಉಳಿಯುವುದು ಮೂರೇ ಕೈಗಳು. ಸೋಡಿಯಂ ಸೇರಿದರೆ ಅವೂ ಕಡಮೆಯಾಗಿ, ಬಲೆಯಿದ್ದಲ್ಲಿ ಬರಿಯ ಸರಪಳಿಗಳು ಉಳಿಯುತ್ತವೆ. ಅವುಗಳ ನಡುವೆ ನೀರು ಸುಲಭವಾಗಿ ನುಗ್ಗುತ್ತದೆ.

ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ತಾಮಸ್ ಗ್ರಹಾಂ ಇಂಥದೊಂದು ಗಾಜನ್ನು 1833ರಲ್ಲಿ ವರ್ಣಿಸಿದನು. ಸೋಡಿಯಂ ಡೈಹೈಡ್ರೊಜನ್ ಫಾಸ್ಫೇಟನ್ನು 650 ಡಿಗ್ರಿ ಸೆಂಟಿಗ್ರೇಡಿಗೆ ಮೇಲ್ಪಟ್ಟು ಕಾಯಿಸಿದರೆ ನೀರಿನ ಅಂಶ ಹೊರಟುಹೋಗಿ, ಉಳಿದುದು ಕರಗುತ್ತದೆ. ಮೆಲ್ಲನೆ ಆರಿದರೆ ಹರಳು, ಥಟ್ಟನೆ ತಣಿದರೆ ಗಾಜು. ಗಡಸು ನೀರಿನಲ್ಲಿ ಈ ಗಾಜಿನ ಸರಪಳಿಗಳು ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳನ್ನು ಬಿಗಿಹಿಡಿಯುತ್ತವೆ. ಆಗ ಸಾಬೂನು ಚೆನ್ನಾಗಿ ನೊರೆಗೊಡುತ್ತದೆ.

ಕರಗುವ ವೇಗವನ್ನು ಹೊಂದಿಸಲೂ ಸಾಧ್ಯ. ಕ್ಯಾಲ್ಸಿಯಂ ಅಯಾನಿನ ಮೇಲೆ ಎರಡು ಧನಾವೇಶಗಳಿರುವುದರಿಂದ ಅದು ಸರಪಳಿಗಳನ್ನು ಒಂದಕ್ಕೊಂದು ಹೊಲಿದಂತೆ ಬಂಧಿಸುತ್ತದೆ. ಅದು ಹೆಚ್ಚಿದಷ್ಟೂ ಗಾಜು ನಿಧಾನವಾಗಿ ಕರಗುತ್ತದೆ. ಮೂಳೆಯ ಖನಿಜಾಂಶವೂ ಕ್ಯಾಲ್ಸಿಯಂ ಫಾಸ್ಫೇಟೇ ಆದುದರಿಂದ, ಹೊಸ ಮೂಳೆ ಬೆಳೆಯುವವರೆಗೆ ಆಸರೆಯಾಗಿದ್ದು ಅನಂತರ ಕರಗಿಹೋಗುವ ಗಾಜುಗಳನ್ನು ಸಂಶೋಧಕರು ಪರೀಕ್ಷಿಸುತ್ತಿದ್ದಾರೆ.

ಲೇಸರಿನಲ್ಲಿ ಇದಕ್ಕೆ ವಿರುದ್ಧವಾದ ಎಚ್ಚರಿಕೆ ಬೇಕು. ಫಾಸ್ಫೇಟ್ ಗಾಜಿನಲ್ಲಿ ಹುದುಗಿಸಿದ ನಿಯೋಡಿಮಿಯಂ ಬೆಳಕನ್ನು ಹೀರಿ, ಆ ಶಕ್ತಿಯಿಂದ ಲೇಸರ್ ಕಿರಣವನ್ನು ಬಲಪಡಿಸುತ್ತದೆ. ನೀರಿನ ಅಂಶ ಉಳಿದಿದ್ದರೆ ಶಕ್ತಿಯು ಶಾಖವಾಗಿ ಸೋರಿಹೋಗುತ್ತದೆ. ಆದುದರಿಂದ ಗಾಜನ್ನು ಕರಗಿಸುವಾಗಲೇ ಅದನ್ನು ಹೊರದೂಡಬೇಕು. ಕ್ಯಾಲಿಫೋರ್ನಿಯದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಸುಮಾರು 42 ಕಿಲೋಗ್ರಾಂ ತೂಗುವ ಇಂಥ 3,000ಕ್ಕೂ ಹೆಚ್ಚು ಫಲಕಗಳಿವೆ. 2022ರ ಡಿಸೆಂಬರ್ 5ರಂದು ಇವುಗಳಿಂದ ಬಲಗೊಂಡ 192 ಕಿರಣಗಳು ಗುರಿಗೆ 2.05 ಮೆಗಾಜೌಲ್ ಶಕ್ತಿಯನ್ನು ಮುಟ್ಟಿಸಿದಾಗ, ಪರಮಾಣು ಬೀಜಗಳ ಸಮ್ಮಿಲನದಿಂದ 3.15 ಮೆಗಾಜೌಲ್ ಹೊರಬಂದಿತು. ಆದರೆ ಲೇಸರುಗಳನ್ನು ನಡೆಸಲು ಸುಮಾರು 300 ಮೆಗಾಜೌಲ್ ವಿದ್ಯುಚ್ಛಕ್ತಿ ಬೇಕಾಯಿತೆಂಬುದನ್ನೂ ಮರೆಯಬಾರದು.

ಎಲ್ಲಕ್ಕಿಂತ ಕಠಿಣವಾದ ಪರೀಕ್ಷೆ ಪರಮಾಣು ಶಕ್ತಿಯ ಕಸದ್ದು. ವಿಕಿರಣ ಸೂಸುವ ಆ ದ್ರವವನ್ನು ಗಾಜಿನಲ್ಲಿ ಬೆರೆಸಿ ಘನವಾಗಿಸುತ್ತಾರೆ. ಭಾರತವು ತಾರಾಪುರ, ಟ್ರಾಂಬೆಗಳಲ್ಲಿ ಇದಕ್ಕೆ ಬೋರೊಸಿಲಿಕೇಟ್ ಗಾಜನ್ನು ಆರಿಸಿಕೊಂಡಿತು. ರಷ್ಯದ ಮಾಯಾಕ್ ಕಾರ್ಖಾನೆ 1987ರಲ್ಲಿ ಸೋಡಿಯಂ ಅಲ್ಯೂಮಿನಿಯಂ ಫಾಸ್ಫೇಟ್ ಗಾಜಿನಿಂದ ಕೆಲಸ ಆರಂಭಿಸಿತು. ಸಿಲಿಕೇಟಿನಲ್ಲಿ ಸುಲಭವಾಗಿ ಬೆರೆಯದ ಸಲ್ಫೇಟು, ಮಾಲಿಬ್ಡೇಟುಗಳು ಫಾಸ್ಫೇಟಿನಲ್ಲಿ ಹೆಚ್ಚಾಗಿ ಕರಗುತ್ತವೆ. ಅಲ್ಯೂಮಿನಿಯಮ್ಮೋ ಕಬ್ಬಿಣವೋ ಸೇರಿದರೆ ಸರಪಳಿಗಳು ಬಿಗಿಯಾಗಿ ಬೆಸೆದುಕೊಂಡು, ನೀರನ್ನು ತಡೆಯುತ್ತವೆ. ಆದರೆ ವಿಕಿರಣದ ಕಾವಿಗೆ ಮಾಯಾಕಿನ ಬಗೆಯ ಗಾಜು ಕ್ರಮೇಣ ಹರಳುಗಟ್ಟಬಹುದು. ಹಾಗಾದಲ್ಲಿ ಆ ತಡೆ ಬಹಳ ತಗ್ಗುತ್ತದೆ.

ಈ ಗಾಜು ಸಾವಿರಾರು ವರ್ಷ ಅಂತರ್ಜಲಕ್ಕೆ ಸೋಲದೆ ನಿಲ್ಲಬೇಕು. ಪ್ರಯೋಗಶಾಲೆಯ ಪರೀಕ್ಷೆಯಾದರೋ ಕೆಲವು ತಿಂಗಳು, ಕೆಲವು ವರ್ಷಗಳದು. ಪರಮಾಣುಗಳ ಕೈಹಿಡಿತವನ್ನು ಚೆನ್ನಾಗಿ ಅರಿತಲ್ಲದೆ ಈ ಅಂತರವನ್ನು ದಾಟಲಾಗದು. ನಮ್ಮ ಇಂದಿನ ವಿದ್ಯಾರ್ಥಿಗಳಿಗೆ ಅಲ್ಲಿ ಬೇಕಾದಷ್ಟು ಕೆಲಸ ಕಾದಿದೆ.