ಹತ್ತೊಂಬತ್ತನೇ ಗೇಟು

2024ರ ಆಗಸ್ಟ್ 11, ಭಾನುವಾರ. ಗಾದಿಗನೂರಿನ ನಮ್ಮ ಮನೆ ಕಟ್ಟೆಯ ಮೇಲೆ ಕೂತಿದ್ದೆ. ಪಕ್ಕದ ಮನೆಯ ಅಕ್ಕ ಏದುಸಿರು ಬಿಡುತ್ತ ಬಂದರು.

"ಅಣ್ಣಾ, ಡ್ಯಾಂ ಒಡದೈತಂತಲ್ಲ! ನನ್ನ ಮಗಳು ಕಂಪ್ಲ್ಯಾಗ ಹೊಳಿ ದಂಡಿಗೇ ಅದಾಳ!"

ಅಕ್ಕನಿಗೆ ಅಕ್ಷರ ಕೂಡಿಸಿ ಓದಲು ಬರುತ್ತದೆ. ಆದರೆ ಉದ್ದ ವಾಕ್ಯದ ಕೊನೆ ಮುಟ್ಟುವಷ್ಟರಲ್ಲಿ ಮೊದಲು ಓದಿದ್ದು ಮರೆತಿರುತ್ತದೆ. ನನ್ನ ಮೊಮ್ಮಗಳು ಮೊಬೈಲಿನಲ್ಲಿ ಸುದ್ದಿ ತೆಗೆದು ಓದಿದಳು. ಕ್ರಸ್ಟ್ ಗೇಟ್, ಹೊರಹರಿವು, ಕ್ಯೂಸೆಕ್, ನದಿಪಾತ್ರದ ಜನತೆ... ಅಕ್ಕನಿಗೆ ಒಂದೂ ತಿಳಿಯಲಿಲ್ಲ.

"ತಾತಾ, ಎಐಗೆ ಕೊಡೋಣ. ಸುಲಭ ಮಾಡಿ ಬರೆದುಕೊಡ್ತದೆ" ಎಂದಳು ಮೊಮ್ಮಗಳು. ಕ್ಷಣದಲ್ಲಿ ಮೂರು ಸಾಲು ಬಂದವು: ಡ್ಯಾಮಿನ ಗೇಟು ಕೊಚ್ಚಿಹೋಗಿದೆ. ಹೊಳೆಗೆ ತುಂಬಾ ನೀರು ಬರುತ್ತಿದೆ. ದಡದ ಜನ ಎಚ್ಚರವಾಗಿರಬೇಕು.

ಈಗ ಅಕ್ಕನಿಗೆ ಪೂರ್ತಿ ತಿಳಿಯಿತು. ಅಲ್ಲೇ ಕುಸಿದು ಕೂತು ಅಳತೊಡಗಿದರು.

ನಾನು ಕನ್ನಡಕ ಹಾಕಿಕೊಂಡು ಎರಡನ್ನೂ ತಾಳೆ ನೋಡಿದೆ. ಬ್ಯಾಂಕಿನ ಹಳೇ ಚಾಳಿ! ಮೂಲ ಸುದ್ದಿಯಲ್ಲಿ ಇದ್ದದ್ದು, ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಚೈನು ಶನಿವಾರ ರಾತ್ರಿ ತುಂಡಾಗಿದೆ ಎಂದು. ಸುಲಭ ಮಾಡುವ ಭರದಲ್ಲಿ ಯಂತ್ರ ಅಂಕಿಗಳನ್ನೇ ಬಿಟ್ಟಿತ್ತು.

"ಅಂಕಿ ಬಿಡಬೇಡ ಅಂತ ಹೇಳಮ್ಮಾ" ಎಂದೆ. ಎರಡನೇ ಸಲ ಸರಿಯಾಗಿ ಬಂತು: ಡ್ಯಾಮಿಗೆ 33 ಗೇಟು. ಒಂದು ಮಾತ್ರ ಕೊಚ್ಚಿಹೋಗಿದೆ. ಅದರ ಮೇಲಿನ ಒತ್ತಡ ತಗ್ಗಿಸಲು ಉಳಿದವನ್ನು ಎಂಜಿನಿಯರರೇ ತೆಗೆದಿದ್ದಾರೆ. ಹೊಳೆಗೆ ಇಳಿಯಬೇಡಿ.

ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್, ಅಂದಾಜು ಎರಡು ಕೊಡ ನೀರು. ಆ ಒಂದೇ ಗೇಟಿನಿಂದ ಸುಮಾರು 35,000 ಕ್ಯೂಸೆಕ್ ಹರಿಯುತ್ತಿತ್ತು. ಹೀಗೆ ಕೊಡದ ಲೆಕ್ಕದಲ್ಲಿ ಹೇಳಿದಾಗ ಅಕ್ಕ ಕಣ್ಣೊರೆಸಿಕೊಂಡು ಮಗಳಿಗೆ ಫೋನು ಮಾಡಿದರು: "ಡ್ಯಾಂ ಒಡದಿಲ್ಲವಾ. ಆದ್ರೂ ದನ ಹೊಳಿಗೆ ಬಿಡಬ್ಯಾಡ."

ಹೆಬ್ಬೆಟ್ಟು ಒತ್ತುವ ಗ್ರಾಹಕರಿಗೆ ನಾನೂ ಬ್ಯಾಂಕಿನ ಕಾಗದಪತ್ರವನ್ನು ಆಡುಮಾತಿನಲ್ಲಿ ಬಿಡಿಸಿ ಹೇಳುತ್ತಿದ್ದೆ. ಆದರೆ ಮಾತು ಸಲೀಸು ಮಾಡಬಹುದೇ ಹೊರತು ಮೊತ್ತ ಬದಲಿಸುವಂತಿಲ್ಲ.

ಸುದ್ದಿಯನ್ನು ಸುಲಭ ಮಾಡುವುದು ಹೊಸದೇನಲ್ಲ. 'ವಾಯ್ಸ್ ಆಫ್ ಅಮೆರಿಕ' ರೇಡಿಯೋ 1959ರಲ್ಲೇ ಸುಮಾರು 1,500 ಪದಗಳಲ್ಲಿ, ನಿಧಾನವಾಗಿ ಓದುವ ಇಂಗ್ಲಿಷ್ ವಾರ್ತೆ ಶುರುಮಾಡಿತ್ತು. ಅಲ್ಲಿ ಆ ಕೆಲಸ ಮಾಡಿದವರು ಮನುಷ್ಯರು. ಎಐ ಅಪಾರ ಬರಹಗಳನ್ನು ನೋಡಿ, ಯಾವ ಪದದ ಮುಂದೆ ಯಾವುದು ಬರಬಹುದೆಂದು ಲೆಕ್ಕಹಾಕಿ ಬರೆಯುತ್ತದೆ. ಅಕ್ಕನ ಮಗಳು ಕಂಪ್ಲಿಯಲ್ಲಿರುವುದು ಅದಕ್ಕೆ ಗೊತ್ತಿಲ್ಲ. ನಮಗೆ ಗೊತ್ತಿದೆ.

ಮಕ್ಕಳೇ, ನಿಮ್ಮ ಮನೆಯ ಅಜ್ಜಿಗೋ ನೆರೆಯವರಿಗೋ ಹೀಗೆ ಸುದ್ದಿ ಓದಿ ಹೇಳುವಿರಾ? ಮೊದಲು ಮೂಲ ಸುದ್ದಿಯನ್ನು ನೀವೇ ಓದಿ. ಆಮೇಲೆ ಎಐ ಬರೆದದ್ದರಲ್ಲಿ ಎಲ್ಲಿ, ಯಾವಾಗ, ಎಷ್ಟು, ಈಗ ನಾವೇನು ಮಾಡಬೇಕು, ಈ ನಾಲ್ಕೂ ಉಳಿದಿವೆಯೇ ನೋಡಿ. ಕೊನೆಗೆ ನಿಮ್ಮೂರ ಮಾತಿನಲ್ಲಿ ಹೇಳಿ.

ಒಂದು ವಾರದಲ್ಲಿ, ಹರಿಯುವ ನೀರಿನಲ್ಲೇ ಉಕ್ಕಿನ ಸ್ಟಾಪ್‌ಲಾಗ್ ಇಳಿಸಿ ಆ ಕಿಂಡಿಯನ್ನು ಮುಚ್ಚಿದರು. ಅಷ್ಟು ದಿನವೂ ಅಕ್ಕ ಬೆಳಿಗ್ಗೆ ಬಂದು ಕೇಳುತ್ತಿದ್ದದ್ದು ಡ್ಯಾಂ ಏನಾಯಿತೆಂದಲ್ಲ.

"ಅಣ್ಣಾ, ಹತ್ತೊಂಬತ್ತನೇದು ಏನಾತು?"