ಪೇಟ ಮಾರಾಟಕ್ಕಿದೆ, ತಲೆ ಪರದೆಯೊಳಗಿದೆ

ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿನಲ್ಲಿ ಸನ್ಮಾನ ಎಂದರೆ ಶಾಲು, ಹಾರ, ಹಣ್ಣಿನ ಬುಟ್ಟಿಯ ಜೊತೆ ಮೈಸೂರು ಪೇಟವೂ ಇರಬೇಕು. ಸಭೆ ಮುಗಿದ ಮೇಲೆ ಆ ಪೇಟ ಮನೆಯ ಬೀರುವಿನ ಮೇಲೆ ಕೂತು ಧೂಳು ಹಿಡಿಯುವುದೂ ಅಷ್ಟೇ ಖಚಿತ. ಅಂಥದೇ ಪೇಟವನ್ನು ಕಂಪ್ಯೂಟರಿನಲ್ಲಿ ಕಟ್ಟಿ, ರಾಬ್ಲಾಕ್ಸ್ ಎಂಬ ಆಟದ ಲೋಕದಲ್ಲಿ ಯಾವುದೋ ದೇಶದ ಹುಡುಗ ಓಡಾಡಿಸುವ ಗೊಂಬೆಯ ತಲೆಗೆ ಮಾರಬಹುದು. ಬಟ್ಟೆ ಬೇಡ, ಜರಿ ಬೇಡ, ದಾಸ್ತಾನು ಬೇಡ. ಒಮ್ಮೆ ಮಾಡಿದ್ದು ಸಾವಿರ ಸಲ ಮಾರಿದರೂ ಮುಗಿಯುವುದಿಲ್ಲ. ಬಸವನಗುಡಿ, ಮಲ್ಲೇಶ್ವರದ ಮನೆಗಳಲ್ಲಿ ಮಕ್ಕಳು ಇಂಥ ಮಾತು ತೆಗೆದಾಗ ಅಪ್ಪ ಅಮ್ಮಂದಿರು ಒಂದೋ ಗದರುತ್ತಾರೆ, ಇಲ್ಲವೇ ಮಗ ಲಕ್ಷಾಧೀಶನಾದ ಎಂದು ಕನಸು ಕಾಣುತ್ತಾರೆ. ಎರಡೂ ಅತಿಯಾಯಿತು.

ಮೊದಲು ಲೆಕ್ಕ ನೋಡೋಣ. ಪೇಟಕ್ಕೆ 100 ರೋಬಕ್ಸ್ ಬೆಲೆ ಇಟ್ಟಿರಿ ಎನ್ನಿ. ರೋಬಕ್ಸ್ ಆ ಲೋಕದ ನಾಣ್ಯ. ಅಮೆರಿಕದ ಗಿರಾಕಿ ಅದನ್ನು ಫೋನಿನಲ್ಲಿ ಕೊಂಡರೆ 400ಕ್ಕೆ ಸುಮಾರು 5 ಡಾಲರ್, ಅಂದರೆ ನಿಮ್ಮ ಪೇಟಕ್ಕೆ ಅವನು ತೆತ್ತದ್ದು ಒಂದೂಕಾಲು ಡಾಲರ್. ಟೊಪ್ಪಿ, ಪೇಟದಂಥ ಸರಕಿನಲ್ಲಿ ಮಾಡಿದವನ ಪಾಲು ಶೇ 30. ಕೈಗೆ ಬಂದ ಆ 30 ರೋಬಕ್ಸನ್ನು ನಿಜವಾದ ಹಣ ಮಾಡಿಕೊಳ್ಳುವ ದರವೇ ಬೇರೆ. 2025ರ ಸೆಪ್ಟೆಂಬರಿನಲ್ಲಿ ಏರಿಸಿದ ದರದಲ್ಲೂ ಒಂದು ರೋಬಕ್ಸ್‌ಗೆ 0.38 ಸೆಂಟ್ ಮಾತ್ರ. ಹಾಗಾಗಿ ಗಿರಾಕಿ ಕೊಟ್ಟ 125 ಸೆಂಟಿನಲ್ಲಿ ನಿಮಗೆ ಬರುವುದು 11 ಸೆಂಟ್. ಅದೂ ಕೂಡಲೇ ಅಲ್ಲ. ಗಳಿಸಿದ ರೋಬಕ್ಸ್ 30,000 ಮುಟ್ಟುವವರೆಗೆ ಹಣ ತೆಗೆಯುವಂತಿಲ್ಲ, ಅಂದರೆ ಸಾವಿರ ಪೇಟ ಮಾರಬೇಕು. ಆಗ ಸಿಗುವುದು ಸುಮಾರು 114 ಡಾಲರ್. ಮಾರಾಟಕ್ಕಿಡುವ ಮೊದಲೇ ಗುರುತಿನ ಪರಿಶೀಲನೆ, ಚಂದಾ, ಪ್ರಕಟಣೆಯ ಶುಲ್ಕ ಎಂದು ಕೈಯಿಂದ ಒಂದಿಷ್ಟು ಹೋಗಿರುತ್ತದೆ.

ಗಾಂಧಿ ಬಜಾರಿನಲ್ಲಿ ಬಾಡಿಗೆ ಹೆಚ್ಚಾದರೆ ಅಂಗಡಿಯವನು ಪಕ್ಕದ ಡಿವಿಜಿ ರಸ್ತೆಗಾದರೂ ಹೋದಾನು. ಇಲ್ಲಿ ಊರೇ ಒಬ್ಬ ಧಣಿಯದು. ರಸ್ತೆ, ನಾಣ್ಯ, ತಕ್ಕಡಿ, ಪೊಲೀಸು ಎಲ್ಲವೂ ಅವನವೇ.

ಯಾವಾಗಲೂ ಹೀಗೇ ಇರಲಿಲ್ಲ. ಸ್ಯಾನ್‌ಫ್ರಾನ್ಸಿಸ್ಕೊದ ಲಿಂಡೆನ್ ಲ್ಯಾಬ್ 2003ರಲ್ಲಿ ತೆರೆದ ಸೆಕೆಂಡ್ ಲೈಫ್ ಎಂಬ ಲೋಕದಲ್ಲಿ ಗೆಲ್ಲಲು ಆಟವೇ ಇರಲಿಲ್ಲ. ಮನೆ, ಅಂಗಿ, ಕುರ್ಚಿ ಎಲ್ಲವನ್ನೂ ಅಲ್ಲಿದ್ದವರೇ ಮಾಡಿ ಮಾರುತ್ತಿದ್ದರು. ಮಾಡಿದವರಿಗೇ ಅದರ ಹಕ್ಕು ಎಂದು ಕಂಪನಿ ಅದೇ ವರ್ಷ ಸಾರಿತು. ಪ್ರತಿ ವಸ್ತುವಿಗೂ ಮೂರು ಅನುಮತಿ: ನಕಲು ಮಾಡಬಹುದೇ, ಬದಲಾಯಿಸಬಹುದೇ, ಬೇರೆಯವರಿಗೆ ದಾಟಿಸಬಹುದೇ. ನಕಲಿಗೆ ಬೇಡ, ದಾಟಿಸಲು ಸರಿ ಎಂದು ಗುರುತು ಹಾಕಿದರೆ ಪೇಟ ನಿಜವಾದ ಪೇಟದ ಹಾಗೆಯೇ ನಡೆದುಕೊಳ್ಳುತ್ತದೆ. ಇನ್ನೊಬ್ಬರಿಗೆ ಕೊಟ್ಟರೆ ನಿಮ್ಮ ಬಳಿ ಇಲ್ಲ. ಎಷ್ಟು ಸೊಗಸಾದ ಏರ್ಪಾಡು! ಆದರೆ 2006ರ ನವೆಂಬರಿನಲ್ಲಿ ಕಾಪಿಬಾಟ್ ಎಂಬ ತಂತ್ರಾಂಶ ಕಂಡದ್ದನ್ನೆಲ್ಲ ನಕಲು ಮಾಡತೊಡಗಿತು. ಸಿಟ್ಟಿಗೆದ್ದ ವ್ಯಾಪಾರಿಗಳು ಆ ಕಲ್ಪಿತ ಊರಿನಲ್ಲಿ ಅಂಗಡಿ ಬಾಗಿಲು ಹಾಕಿ ಪ್ರತಿಭಟಿಸಿದರು. ಬಂದ್ ಮಾಡುವುದು ನಮ್ಮವರ ಗುತ್ತಿಗೆಯಲ್ಲ ಎಂದಾಯಿತು.

ಇನ್ನು ಕಲಿಕೆ. ನನ್ನ ಮಟ್ಟಿಗೆ ಇದರಲ್ಲಿ ನಿಜವಾದ ಲಾಭ ಇರುವುದು ಇಲ್ಲೇ. ಬ್ಲೆಂಡರ್ ಎಂಬ 3ಡಿ ತಂತ್ರಾಂಶಕ್ಕೆ ದುಡ್ಡಿಲ್ಲ. 2002ರಲ್ಲಿ ಜನ ಒಂದು ಲಕ್ಷ ಯೂರೊ ಚಂದಾ ಎತ್ತಿ ಅದನ್ನು ಮುಕ್ತಗೊಳಿಸಿದರು. ಅದರಲ್ಲಿ ಪೇಟ ಕಟ್ಟಲು ಕೂತವರಿಗೆ ಮೊದಲ ಪೆಟ್ಟು ಬೀಳುವುದು ಮಡಿಕೆಯಲ್ಲಿ. ಪೇಟದ ಚೆಲುವೆಲ್ಲ ಹಣೆಯ ಮೇಲೆ ಓರೆಯಾಗಿ ಹಾಯ್ದು ಒಂದರ ಮೇಲೊಂದು ಕೂರುವ ಪಟ್ಟಿಗಳದ್ದು, ಪ್ರತಿ ಪಟ್ಟಿಯ ಅಂಚಿನ ಜರಿಯದ್ದು. ಇದ್ದದ್ದನ್ನು ಇದ್ದ ಹಾಗೇ ಕಡೆಯಲು ಹೋದರೆ ಆಕೃತಿ ಹತ್ತಾರು ಸಾವಿರ ತ್ರಿಕೋನಗಳಾಗಿ ಬೆಳೆಯುತ್ತದೆ. ರಾಬ್ಲಾಕ್ಸ್ ಒಂದು ತೊಡುಗೆಗೆ ಒಪ್ಪುವುದು 4,000 ತ್ರಿಕೋನ. ಮೂರು ನಾಲ್ಕು ದೊಡ್ಡ ಮಡಿಕೆಗಳನ್ನಷ್ಟೇ ಆಕಾರದಲ್ಲಿ ಉಳಿಸಿಕೊಂಡು, ಮಿಕ್ಕ ಸಣ್ಣ ಮಡಿಕೆಗಳ ಏರಿಳಿತವನ್ನು ನಾರ್ಮಲ್ ಮ್ಯಾಪ್ ಎಂಬ ಚಿತ್ರಕ್ಕೆ ಇಳಿಸಿ ಮೇಲೆ ಹೊದಿಸಬೇಕು. ಕಣ್ಣಿಗೆ ಮಡಿಕೆ ಕಾಣುತ್ತದೆ, ಒಳಗೆ ನೋಡಿದರೆ ನುಣುಪು. ಜರಿಗೆ ಬಂಗಾರದ ಬಣ್ಣ ಬಳಿದರೆ ಅರಿಸಿನದಂತೆ ಕಾಣುತ್ತದೆ. ಅಷ್ಟು ಜಾಗಕ್ಕೆ ಮಾತ್ರ ಲೋಹದ ಗುಣ ಕೊಟ್ಟರೆ ಗೊಂಬೆ ತಲೆಯಾಡಿಸಿದಾಗ ಹೊಳೆಯುತ್ತದೆ. ಆಮೇಲೆ ಚೌಕ ತಲೆಗೂ ಗುಂಡು ತಲೆಗೂ ಅದು ಕೂರಬೇಕು, ಕಿವಿಯೊಳಗೆ ಇಳಿಯಬಾರದು. ಯಾವ ಮಡಿಕೆ ಇಟ್ಟರೆ ಪೇಟ, ಯಾವುದನ್ನು ಬಿಟ್ಟರೆ ಬರೀ ರುಮಾಲು ಎಂದು ಹೇಳಿಕೊಡಲು ಯಾವ ಯೂಟ್ಯೂಬ್ ಪಾಠಕ್ಕೂ ಆಗದು. ಅದಕ್ಕೆ ನಿಜವಾದ ಪೇಟವನ್ನು ಕೈಯಲ್ಲಿ ಹಿಡಿದು ನೋಡಬೇಕು. ಬೀರುವಿನ ಮೇಲಿನದಕ್ಕೆ ಕೊನೆಗೂ ಒಂದು ಕೆಲಸ.

ಕನ್ನಡದ ಎಷ್ಟೋ ಹುಡುಗರು ಈ ಕಸುಬಿಗೆ ಕಾಲಿಟ್ಟದ್ದು ಪೇಟದಿಂದಲ್ಲ, ಬಸ್ಸಿನಿಂದ. ಮಲೆಯೊ ಎಂಬ ಕಂಪನಿ 2017ರಲ್ಲಿ ತಂದ ಬಸ್ ಸಿಮ್ಯುಲೇಟರ್ ಇಂಡೋನೇಷ್ಯಾ ಆಟದಲ್ಲಿ ನಮ್ಮದೇ ಬಸ್ ಮಾಡಿ ಓಡಿಸಬಹುದು. ಕೆಎಸ್‌ಆರ್‌ಟಿಸಿಯ ಕೆಂಪು ಬಸ್ಸು, ರಾಜಹಂಸ, ಐರಾವತ ಎಲ್ಲವೂ ಜಾವಾದ ರಸ್ತೆಗಳಲ್ಲಿ ಹಾರ್ನ್ ಹೊಡೆದುಕೊಂಡು ಹೋಗುತ್ತಿವೆ. ನಾಮಫಲಕ ಬರೆಯುವಾಗ ಮಾತ್ರ ಕನ್ನಡದಂಥ ಲಿಪಿಗಳಿಗೆ ಬರುವ ತೊಡಕು ಒಂದಿದೆ. ಬ್ಲೆಂಡರಿನಲ್ಲಿ ನೇರವಾಗಿ ಟೈಪಿಸಿದರೆ ಒತ್ತಕ್ಷರ ಒಡೆದು 'ಮಲ್ಲೇಶ್ವರಂ' ಹೋಗಿ 'ಮಲ್‌ಲೇಶ್‌ವರಂ' ಆಗುತ್ತದೆ. ಇಂಕ್‌ಸ್ಕೇಪ್ ಎಂಬ ಚಿತ್ರ ಬರೆಯುವ ತಂತ್ರಾಂಶದಲ್ಲಿ ಬರೆದು, ಅಕ್ಷರವನ್ನು ರೇಖೆಯಾಗಿ ಬದಲಿಸಿ, ಎಸ್‌ವಿಜಿ ಕಡತವಾಗಿ ತಂದರೆ ಸರಿಹೋಗುತ್ತದೆ. ಬಸ್ ಮಾಡುವವರು ಇನ್ನೊಂದು ಮಾತು ನೆನಪಿಡಬೇಕು. ಖುಷಿಗೆ ಮಾಡಿ ಹಂಚುವುದು ಬೇರೆ. ಸಂಸ್ಥೆಯ ಲಾಂಛನ ಅಂಟಿಸಿ ದುಡ್ಡಿಗೆ ಮಾರುವುದು ಬೇರೆ. ಗಾಂಧಿ ಬಜಾರಿನ ಹೆಸರಾಂತ ಹೋಟೆಲಿನ ಬೋರ್ಡಿಗೂ ಇದೇ ನಿಯಮ.

ಈ ವಿದ್ಯೆಗೆ ಹಣ ಹುಟ್ಟುವುದು ಆಟದೊಳಗಿನ ಅಂಗಡಿಯಲ್ಲೇ ಆಗಬೇಕಿಲ್ಲ. ಬೆಂಗಳೂರಿನಲ್ಲಿ 1997ರಲ್ಲಿ ರಾಜೇಶ್ ರಾವ್ ಕಟ್ಟಿದ ಧ್ರುವ ಇಂಟರ್‌ಆ್ಯಕ್ಟಿವ್ ಹೊರದೇಶದ ಆಟಗಳಿಗೆ ಕಾರು, ಕಟ್ಟಡ ಮಾಡಿಕೊಟ್ಟೇ ಬೆಳೆಯಿತು; 2019ರಲ್ಲಿ ಅದನ್ನು ರಾಕ್‌ಸ್ಟಾರ್ ಎಂಬ ಆಟದ ಕಂಪನಿ ಕೊಂಡಿತು. ಅನಿಮೇಷನ್ ಮತ್ತು ಆಟಗಳಿಗೆಂದು ದೇಶದಲ್ಲೇ ಮೊದಲು ನೀತಿ ತಂದ ರಾಜ್ಯವೂ ನಮ್ಮದೇ, 2012ರಲ್ಲಿ. ಇನ್ನೊಂದು ಕಡೆ ಮಿಥಿಕ್ ಸೊಸೈಟಿ ಎಂಬ ಸಂಸ್ಥೆಯವರು 2021ರಿಂದ ಬೆಂಗಳೂರು ಸುತ್ತಮುತ್ತಲ ಶಿಲಾಶಾಸನಗಳನ್ನು 3ಡಿ ಸ್ಕ್ಯಾನ್ ಮಾಡಿ ಎಲ್ಲರಿಗೂ ಬಿಟ್ಟಿಯಾಗಿ ಕೊಡುತ್ತಿದ್ದಾರೆ. ಸವೆದ ಅಕ್ಷರಕ್ಕೆ ಪರದೆಯ ಮೇಲೆ ಓರೆ ಬೆಳಕು ಬಿಟ್ಟು ಓದುವ ಆ ಕೆಲಸಕ್ಕೆ ಬೇಕಾದ ಕಣ್ಣು, ಪೇಟದ ಮಡಿಕೆ ಎಣಿಸಿದವರ ಕಣ್ಣೇ.

ಹಾಗಾಗಿ ಹೆತ್ತವರಲ್ಲಿ ಒಂದು ವಿನಂತಿ. 'ಮೆಟಾವರ್ಸ್‌ನಲ್ಲಿ ತಿಂಗಳಿಗೆ ಲಕ್ಷ' ಎನ್ನುವ ಕೋರ್ಸಿಗೆ ಶುಲ್ಕ ಕಟ್ಟಬೇಡಿ. ಬ್ಲೆಂಡರಿಗೂ ರಾಬ್ಲಾಕ್ಸ್ ಸ್ಟುಡಿಯೊಗೂ ಕಾಸಿಲ್ಲ. ಒಂದು ಸುಮಾರಾದ ಕಂಪ್ಯೂಟರ್ ಸಾಕು. ರೋಬಕ್ಸನ್ನು ಹಣ ಮಾಡಿಕೊಳ್ಳಲು 13 ವರ್ಷ ತುಂಬಿರಬೇಕು, ತೆರಿಗೆ ನಮೂನೆ ತುಂಬಬೇಕು. ಬ್ಯಾಂಕಿನ ಕಾಗದಪತ್ರ ನಿಮ್ಮ ಕೈಯಲ್ಲೇ ಇರಲಿ. ದರ, ಶುಲ್ಕ ಆಗಾಗ ಬದಲಾಗುತ್ತವೆ, ಬೆಲೆ ಇಡುವ ದಿನ ಇನ್ನೊಮ್ಮೆ ನೋಡಿಕೊಳ್ಳಿ. ಮೊದಲ ವರ್ಷ ಚಂದಾ ಹಣ ಹುಟ್ಟಿದರೆ ಅದೇ ಒಳ್ಳೆಯ ವ್ಯಾಪಾರ.